ಅಜ್ಜಿ ಕೇಳಿದ ಪ್ರಶ್ನೆ

ಪ್ರೀತಿಯ ಪುಟ್ಟಿ,

ನೀನು ಟೋಕಿಯೊದಿಂದ ಕಳಿಸಿದ ವಿಡಿಯೊ ಅಜ್ಜಿಗೆ ತೋರಿಸಿದೆ. ವೃದ್ಧಾಶ್ರಮದ ಆ ಹಿರಿಯಾಕೆ ಪಾರೋವನ್ನು, ಅದೇ ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ ಆ ಯಂತ್ರದ ಬೊಂಬೆಯನ್ನು, ಮಡಿಲಲ್ಲಿಟ್ಟುಕೊಂಡು ತಟ್ಟುತ್ತಿದ್ದರು. ಅದು ಕತ್ತೆತ್ತಿ, ರೆಪ್ಪೆ ಬಡಿದು, ಕುಂಯ್ ಅಂದಿತು. ಅಜ್ಜಿ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಹಾಕಿಸಿದರು. ಆಮೇಲೆ ಕೇಳಿದರು: "ಅದಕ್ಕೆ ಹೊಟ್ಟೆಗೇನು ಹಾಕ್ತಾರೆ?"

ಅದರ ಚಾರ್ಜರ್ ಕೂಸಿನ ಬಾಯಿಗಿಡುವ ನಿಪ್ಪಲ್ ಥರ ಇದೆ, ಅದನ್ನೇ ಬಾಯಿಗಿಟ್ಟು ಕರೆಂಟ್ ಕೊಡ್ತಾರೆ ಎಂದೆ. ಅಜ್ಜಿ ನಗಲಿಲ್ಲ. "ಹೊತ್ತುಹೊತ್ತಿಗೆ ಕೊಡ್ತಾರಾ?" ಅಂದರು.

ಅಂದಿನಿಂದ ನನಗೆ ಅದೇ ಯೋಚನೆ. 1993ರಲ್ಲಿ ಜಪಾನಿನ ಎಂಜಿನಿಯರ್ ಶಿಬಾಟಾ ಪಾರೋ ಮಾಡುವ ಕೆಲಸಕ್ಕೆ ಕೈಹಾಕಿದರು. ಬೆಕ್ಕು ಮಾಡಿದರೆ ಜನ ನಿಜವಾದ ಬೆಕ್ಕಿಗೆ ಹೋಲಿಸಿ ತಪ್ಪು ಹಿಡಿಯುತ್ತಾರೆ. ಸೀಲ್ ಮರಿಯನ್ನು ಎತ್ತಿ ಆಡಿಸಿದವರು ಯಾರಿದ್ದಾರೆ? ಅದಕ್ಕೇ ಸೀಲ್. ತೂಕ 2.7 ಕಿಲೋ, ಹೆಚ್ಚುಕಮ್ಮಿ ಆಗತಾನೆ ಹುಟ್ಟಿದ ಕೂಸಿನಷ್ಟು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದನ್ನು ವೈದ್ಯಕೀಯ ಸಾಧನವೆಂದು ಒಪ್ಪಿತು. ಇಷ್ಟೆಲ್ಲ ಇದ್ದರೂ ಆ ಹಿರಿಯಾಕೆಯ ಮುಖ ಅರಳಿದ್ದು, ಒಂದು ಜೀವ ತನ್ನನ್ನು ಬೇಕು ಅಂದಿತಲ್ಲ ಅನ್ನುವುದಕ್ಕೆ ಅನ್ನಿಸುತ್ತೆ ನನಗೆ.

ಬಿಡುವಾದಾಗ ಚಿಬಾದ ಇಸುಮಿಗೆ ಹೋಗಿ ಕೊಫುಕುಜಿ ದೇವಸ್ಥಾನ ನೋಡಿಕೊಂಡು ಬಾ. 1999ರಲ್ಲಿ ಸೋನಿ ಕಂಪನಿಯವರ ಐಬೊ ಅನ್ನುವ ಯಂತ್ರದ ನಾಯಿ ಬಂದಾಗ ಜಪಾನಿನಲ್ಲಿ 3000 ನಾಯಿ ಇಪ್ಪತ್ತೇ ನಿಮಿಷಕ್ಕೆ ಖಾಲಿ. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. ಕೆಟ್ಟುಹೋದ ಐಬೊಗಳನ್ನು ಆ ದೇವಸ್ಥಾನದಲ್ಲಿ ಸಾಲಾಗಿ ಕೂರಿಸಿ, ಯಾವ ಊರಿನ ಯಾರ ಮನೆಯದು ಅನ್ನುವ ಚೀಟಿ ಕಟ್ಟಿ, ಅರ್ಚಕರು ಸೂತ್ರ ಪಠಿಸಿ ಬೀಳ್ಕೊಟ್ಟರು. ಅವುಗಳ ಬಿಡಿಭಾಗ ಬೇರೆ ಐಬೊಗಳಿಗೆ ಹೋಯಿತು. ಆಯುಧಪೂಜೆಗೆ ಸೈಕಲ್ಲಿಗೂ ಕುಂಕುಮ ಇಡುವವರು ನಾವು. ನನಗಂತೂ ಇದು ಹುಚ್ಚು ಅನ್ನಿಸಲಿಲ್ಲ, ಓದಿ ಕಣ್ಣು ತುಂಬಿತು.

ಗೌರಿ ಹಸುವನ್ನು ಮಾರಿ ಊರು ಬಿಟ್ಟಾಗಿನಿಂದ ಅಜ್ಜಿ ಕೈಗೆ ಕೆಲಸವಿಲ್ಲ. ಈಗಲೂ ನಾಲ್ಕೂವರೆಗೆ, ಹಾಲು ಕರೆಯೋ ಹೊತ್ತಿಗೆ, ಎದ್ದು ಮಂಚದ ಮೇಲೆ ಸುಮ್ಮನೆ ಕೂರುತ್ತಾರೆ. "ನೀವು ಕೂತಿರಿ ಅತ್ತೆ" ಅಂತ ಮೊರ, ಈಳಿಗೆಮಣೆ ಎಲ್ಲ ಕಿತ್ತುಕೊಂಡವಳು ನಾನೇ. ಒಳ್ಳೇದಕ್ಕೇ ಅಂದುಕೊಂಡಿದ್ದೆ ಪುಟ್ಟಿ.

ಅಂಥದ್ದೊಂದು ಬೊಂಬೆ ಕಳಿಸ್ತೀನಿ ಅಂದೆಯಲ್ಲ, ಬೇಡ ಅನ್ನಲ್ಲ. ಆದರೆ ಅದು ಯಂತ್ರ ಅಂತ ಅವರಿಗೆ ಮೊದಲೇ ಹೇಳು, ಬೇಕಾ ಅಂತ ಕೇಳು. ಅವರ ಮರೆವನ್ನು ನೆಚ್ಚಿಕೊಂಡು ಸುಳ್ಳು ಹೇಳೋದು ನನ್ನಿಂದ ಆಗದು.

ನಿನ್ನೆ ಒಂದು ಮೊರ ಅವರೆಕಾಯಿ ತಂದು ಮುಂದಿಟ್ಟೆ. ಹುಳುಕನ್ನು ಬೇರೆ ಮಾಡುತ್ತಾ, "ಸೊಗಡೇ ಇಲ್ಲ, ಎಲ್ಲಿ ತಂದೆ?" ಅಂತ ಗದರಿದರು. ಭಾನುವಾರ ಫೋನ್ ಮಾಡಿದಾಗ ಹಿತಕಿದಬೇಳೆ ಸಾರಿಗೆ ಏನೇನು ಹಾಕಬೇಕು ಅಂತ ಅವರನ್ನೇ ಕೇಳು. ಪೆನ್ನು ಪಕ್ಕದಲ್ಲಿಟ್ಟುಕೊ, ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ.

ನಿನ್ನ ಅಮ್ಮ