ಕೀಮೊ ಕೇಂದ್ರದಲ್ಲಿ ಮಕ್ಕಳಿಗೆ ಒಂದು ಚಾಪೆ ಹಾಸುವಷ್ಟು ಜಾಗ ಕೊಡಿ

ಮಾನ್ಯರೇ,

ಜಿಲ್ಲಾ ಆಸ್ಪತ್ರೆಗಳಲ್ಲೇ ಕ್ಯಾನ್ಸರಿಗೆ ಕೀಮೊ ಔಷಧ ಕೊಟ್ಟು ಅವತ್ತೇ ಮನೆಗೆ ಕಳಿಸುವ ಡೇ ಕೇರ್ ಕೇಂದ್ರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಸುದ್ದಿ ಓದಿದೆ. ಒಳ್ಳೆಯ ಕೆಲಸ. ಮೂರು ವರ್ಷದೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಿಗೂ ಇದು ಬರುತ್ತದೆ ಎಂದು 2025-26ರ ಕೇಂದ್ರ ಬಜೆಟ್‌ನಲ್ಲಿ ಹೇಳಿದ್ದರು, ನಮ್ಮ ರಾಜ್ಯದಲ್ಲೂ ಕೆಲವು ಜಿಲ್ಲೆಗಳಲ್ಲಿ ಶುರುವಾಗಿದೆ. ಕೀಮೊಗೆ ಅಂತ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಮರುದಿನ ರಾತ್ರಿ ವಾಂತಿ ಕವರ್ ಹಿಡಿದುಕೊಂಡು ವಾಪಸ್ ಬಂದವರಿಗೆ ಇದರ ಬೆಲೆ ಗೊತ್ತು. ಆದರೆ ಸುದ್ದಿಯಲ್ಲಿ ಎಷ್ಟು ಹಾಸಿಗೆ, ಎಷ್ಟು ನರ್ಸ್ ಅಂತೆಲ್ಲ ಇತ್ತು. ರೋಗಿಯ ಜೊತೆ ಬರುವ ಮಗು ಎಲ್ಲಿ ಕೂರಬೇಕು ಅಂತ ಇರಲಿಲ್ಲ.

ಮೂರು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಅಂತ ಗೊತ್ತಾದಾಗ ಮಗನಿಗೆ ನಾಲ್ಕು ವರ್ಷ, ಮಗಳಿಗೆ ಒಂದೂವರೆ. ಅವಳಿನ್ನೂ ಹಾಲು ಕುಡಿಯುತ್ತಿದ್ದಳು. ಗಂಟು ಕೈಗೆ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಹಾಲು ಗಡ್ಡೆ ಕಟ್ಟಿರಬೇಕು, ಶಾಖ ಕೊಡು ಅಂದರು. ಎರಡು ತಿಂಗಳು ಶಾಖ ಕೊಟ್ಟೆ. ಬಹಳ ಸಲ ಅದು ಹಾಲಿನ ಗಂಟೇ ಆಗಿರುತ್ತದೆ, ನಿಜ. ಆದರೆ ಒಂದೆರಡು ವಾರದಲ್ಲಿ ಕರಗದಿದ್ದರೆ ದಯವಿಟ್ಟು ತೋರಿಸಿ, ಹಾಲೂಡಿಸುತ್ತಿದ್ದರೂ ಸ್ಕ್ಯಾನ್ ಮಾಡಬಹುದು.

ಕೀಮೊ ಔಷಧ ಹಾಲಿಗೂ ಇಳಿಯುತ್ತದಂತೆ, ಶುರು ಮಾಡುವ ಮೊದಲು ಮಗುವಿಗೆ ಹಾಲು ಬಿಡಿಸಿ ಅಂದರು. ಬೇರೆಯವರು ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ ನನಗೆ ಸಿಕ್ಕಿದ್ದು ಐದು ದಿನ. ಅತ್ತೆ ಬೇವಿನೆಲೆ ಅರೆದು ಕೊಟ್ಟರು. ಮಗಳು ಬಾಯಿ ಹಾಕಿದಳು, ಮುಖ ಕಿವುಚಿದಳು, ನನ್ನ ಸೆರಗಿನಲ್ಲೇ ನಾಲಿಗೆ ಒರೆಸಿಕೊಂಡು ಮತ್ತೆ ಬಾಯಿ ಹಾಕಿದಳು. ಅವಳನ್ನು ಬಿಟ್ಟು ಬೆಂಗಳೂರಿಗೆ ಹೋಗುವುದು ಹೇಗೆ? ಅತ್ತೆಗೆ ಮಂಡಿ ನೋವು, ಮಗನೊಬ್ಬನನ್ನು ನೋಡಿಕೊಳ್ಳುವುದೇ ಜಾಸ್ತಿ. ಹಾಗಾಗಿ ಅವಳೂ ನಮ್ಮ ಜೊತೆ ಬಂದಳು.

ಗೇಟಿನಲ್ಲಿ ಸೆಕ್ಯುರಿಟಿಯವರು, "ಮಕ್ಕಳನ್ನ ಒಳಗೆ ಬಿಡೋ ಹಾಗಿಲ್ಲಮ್ಮ" ಅಂದರು. ನಿಯಮ ತಪ್ಪು ಅಂತ ನಾನು ಹೇಳುವುದಿಲ್ಲ. ಕೀಮೊದಿಂದ ಬಿಳಿ ರಕ್ತಕಣ ಇಳಿದು, ರೋಗ ತಡೆಯುವ ಶಕ್ತಿ ಕುಗ್ಗಿದವರು ಮಲಗಿರುವ ಕಡೆ ಮೂಗು ಸುರಿಸಿಕೊಂಡು ಮಗು ಓಡಾಡಬಾರದು. ಆದರೆ ಅದೇ ಆಸ್ಪತ್ರೆಯವರು ರೋಗಿಯ ಜೊತೆ ಒಬ್ಬರು ಇರಲೇಬೇಕು ಅಂತಾರೆ. ಫಾರ್ಮಸಿಯಿಂದ ಔಷಧ ತರಬೇಕು, ಬಿಲ್ ಕಟ್ಟಬೇಕು, ಆರೋಗ್ಯ ಕಾರ್ಡಿನ ಅಪ್ರೂವಲ್‌ಗೆ ಕೌಂಟರಿನಿಂದ ಕೌಂಟರಿಗೆ ಅಲೆಯಬೇಕು. ನನ್ನ ಜೊತೆ ಬಂದಿದ್ದು ನಮ್ಮ ಯಜಮಾನರೊಬ್ಬರೇ. ಅವರು ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಮಗು ಹಿಡಿದುಕೊಂಡು ಕೂತರೆ ಒಳಗೆ ಓಡಾಡುವುದು ಯಾರು?

ಒಂದು ಸಲ ವಾಂತಿ ತಡೆಯುವ ಇಂಜೆಕ್ಷನ್ ಬಂದಿಲ್ಲ ಅಂತ ನನ್ನ ಕೀಮೊ ಒಂದೂವರೆ ಗಂಟೆ ನಿಂತಿತು. ಆಮೇಲೆ ಗೊತ್ತಾಯಿತು. ಇವರು ಮಗಳನ್ನು ಎತ್ತಿಕೊಂಡೇ ಫಾರ್ಮಸಿ ಸಾಲಿನಲ್ಲಿ ನಿಂತಿದ್ದಾರೆ, ಇನ್ನಿಬ್ಬರ ಆದಮೇಲೆ ಇವರ ಸರದಿ, ಅಷ್ಟರಲ್ಲಿ ಅವಳು ಚಡ್ಡಿಯಲ್ಲೇ ಮಾಡಿಕೊಂಡಳು, ತೊಳೆಸಿ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಸಾಲು ಬಾಗಿಲು ದಾಟಿತ್ತು, ಇವರು ಮತ್ತೆ ಕೊನೆಯಲ್ಲಿ ನಿಂತರು. ಇಂಥದ್ದು ಹದಿನಾರು ಸಲ. 21 ದಿನಕ್ಕೊಂದರಂತೆ ನಾಲ್ಕು ಕೀಮೊ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು.

ಮನೆಗೆ ಬಂದಮೇಲೆ ಏನು ಮಾಡಬೇಕು ಅಂತಲೂ ಯಾರೂ ಹೇಳಲಿಲ್ಲ. ಏನು ತಿನ್ನಬೇಕು ಅನ್ನುವ ಒಂದು ಹಾಳೆ ಕೊಟ್ಟರು, ಅಷ್ಟೇ. ಪಕ್ಕದ ಮನೆಯವರು ಮಕ್ಕಳಿಗೂ ಅಂಟುತ್ತದೆ, ಬೇರೆ ಮಲಗಿಸು ಅಂದರು. ನಾನೂ ಮೊದಲ ವಾರ ಬೇರೆ ಮಲಗಿದೆ. ಸುಮ್ನೆ ಇಬ್ಬರನ್ನೂ ಅಳಿಸಿದ್ದಾಯಿತು. ಕ್ಯಾನ್ಸರ್ ಅಂಟುರೋಗ ಅಲ್ಲ. ಮಗುವನ್ನು ತಬ್ಬಿಕೊಳ್ಳಬಹುದು, ಮುದ್ದು ಮಾಡಬಹುದು. ಕೀಮೊ ಆದ ಎರಡು ದಿನ ಮಾತ್ರ ನಮ್ಮ ವಾಂತಿ, ಮೂತ್ರ ಮಕ್ಕಳ ಕೈಗೆ ಸೋಕಬಾರದು, ಟಾಯ್ಲೆಟ್‌ಗೆ ಎರಡು ಸಲ ನೀರು ಬಿಡಬೇಕು. ಥೈರಾಯ್ಡ್ ಕ್ಯಾನ್ಸರಿಗೆ ಕುಡಿಸುವ ರೇಡಿಯೋ ಅಯೋಡಿನ್ ಬೇರೆ ಲೆಕ್ಕ, ಅದರಲ್ಲಿ ಕೆಲವು ದಿನ ಮಕ್ಕಳಿಂದ ದೂರ ಇರಲೇಬೇಕು.

ನಿಜವಾಗಿ ಹೆದರಬೇಕಾದ್ದು ಉಲ್ಟಾ, ಮಕ್ಕಳಿಂದ ನಮಗೆ ಬರುವುದಕ್ಕೆ. ಅಂಗನವಾಡಿಯಿಂದ ಮಗ ತಂದ ನೆಗಡಿ ಅವನಿಗೆ ಎರಡು ದಿನ, ನನಗೆ ಐದು ದಿನ ಆಸ್ಪತ್ರೆ. ಕೀಮೊ ನಡೆಯುವಾಗ ಜ್ವರ 100.4 ಮುಟ್ಟಿದರೆ ಅದು ರಾತ್ರಿ ಎರಡು ಗಂಟೆಯಾದರೂ ಹೊರಡಬೇಕಾದ ಜ್ವರ. ಇನ್ನೊಂದು ವಿಷಯ ನನಗೆ ಬಹಳ ತಡವಾಗಿ ಗೊತ್ತಾಯಿತು. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿರುವುದು ಬಲ ಕುಗ್ಗಿಸಿದ, ಆದರೆ ಜೀವ ಇರುವ ವೈರಸ್. ಕೆಲವು ವಾರ ಮಗುವಿನ ಮಲದಲ್ಲಿ ಅದು ಹೊರಬರುತ್ತದೆ. ಹನಿ ಹಾಕಿಸಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಮನೆಯಲ್ಲಿ ಕೀಮೊ ತೆಗೆದುಕೊಳ್ಳುವವರು ಇದ್ದಾರೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಯಾವ ಲಸಿಕೆ ಅಂತ ಅವರೇ ಹೇಳಲಿ. ಮಗುವನ್ನು ತೊಳೆಸುವ ಕೆಲಸ ಅಷ್ಟು ದಿನ ಅಪ್ಪ ಮಾಡಲಿ.

ಮಕ್ಕಳಿಗೆ ಏನು ಹೇಳಬೇಕು ಅನ್ನುವುದು ಇನ್ನೊಂದು ಪಾಡು. ಆಪರೇಷನ್‌ಗೆ ಹೋದಾಗ ಅತ್ತೆ ಮಗನಿಗೆ "ಅಮ್ಮ ಊರಿಗೆ ಹೋಗಿದಾಳೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆಮೇಲೆ ಆರು ತಿಂಗಳು, ಯಾರಾದರೂ ಊರಿಗೆ ಹೋಗಿ ಬರ್ತೀನಿ ಅಂದರೆ ಅವನು ಅವರ ಚಪ್ಪಲಿ ಬಚ್ಚಿಡುತ್ತಿದ್ದ. ಅಷ್ಟು ಚಿಕ್ಕವರಿಗೆ ಕ್ಯಾನ್ಸರ್ ಪೂರ್ತಿ ಅರ್ಥವಾಗಲ್ಲ, ಆದರೆ "ಅಮ್ಮನ ಎದೆಯಲ್ಲಿ ಗಾಯ ಇದೆ, ಕ್ಯಾನ್ಸರ್ ಅಂತಾರೆ, ನೀನು ಏನೂ ಮಾಡಿದ್ದಲ್ಲ, ಡಾಕ್ಟರ್ ಔಷಧ ಕೊಡ್ತಾರೆ, ಎರಡು ರಾತ್ರಿ ಆದಮೇಲೆ ಬರ್ತೀನಿ" ಅಂದರೆ ಸಾಕು. ಹೆಸರು ಬಚ್ಚಿಟ್ಟರೆ ಮಕ್ಕಳು ತಮಗೆ ತಾವೇ ಏನೋ ಒಂದು ಕಲ್ಪಿಸಿಕೊಳ್ಳುತ್ತಾರೆ. ಕೂದಲು ತೆಗೆಸಿಕೊಂಡು ಬಂದ ದಿನ ಮಗ "ತಿರುಪತಿಗೆ ಹೋಗಿದ್ಯಾ? ಲಾಡು ಎಲ್ಲಿ?" ಅಂದ. ಮಗಳು ತಲೆ ಮೇಲೆ ಕೈ ಆಡಿಸಿ "ಗುಂಡು, ಗುಂಡು" ಅಂತ ನಕ್ಕಳು. ಮುಖ ತಿರುಗಿಸಿಕೊಂಡಿದ್ದು ದೊಡ್ಡವರು. ಮುತ್ತೈದೆಯ ತಲೆ ಬೋಳು ಕಾಣಬಾರದು ಅಂತ ಬಾಗಿಲಲ್ಲೇ ಸೆರಗು ಹೊದಿಸಿದರು.

ಆಪರೇಷನ್ ಆದಮೇಲೆ ಆ ಕಡೆಯ ಕೈಯಲ್ಲಿ ಭಾರ ಎತ್ತಬೇಡಿ ಅಂದರು. ಮಗಳು ಹನ್ನೊಂದು ಕೆಜಿ. "ಎತ್ಕೋ" ಅನ್ನುವವಳಿಗೆ ಹೇಗೆ ಹೇಳುವುದು? ನಾನು ನೆಲದ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದೆ, ಅವಳೇ ಹತ್ತಿ ತೊಡೆ ಮೇಲೆ ಕೂರುವುದು ಅಂತ ಒಪ್ಪಂದ ಆಯಿತು.

ನಾನು ಕೇಳುವುದು ದೊಡ್ಡದೇನಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಿಂದ ಕಾನೂನೇ ಇದೆ. ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಯಲ್ಲಿ ಕೂಸಿನ ಮನೆ ಇದೆ. ಮಣ್ಣು ಹೊರುವ ತಾಯಿಗೆ ಸಿಗುವುದು ಸಲೈನ್ ಹಾಕಿಸಿಕೊಂಡು ಮಲಗಿರುವ ತಾಯಿಗೆ ಯಾಕಿಲ್ಲ? ವಾರ್ಡಿನಿಂದ ದೂರ, ಒಂದು ಕೋಣೆ, ಚಾಪೆ, ಫ್ಯಾನು, ಒಬ್ಬರು ಆಯಾ, ಮಗು ತೊಳೆಸಲು ನೀರು. ಹೊಸ ಕೇಂದ್ರಗಳ ನಕ್ಷೆ ಹಾಕುವಾಗಲೇ ಇದನ್ನೂ ಹಾಕಿ. ಕಟ್ಟಿದ ಮೇಲೆ ಜಾಗ ಇಲ್ಲ ಅಂತೀರಿ, ಗೊತ್ತು.

ನನಗೀಗ ಆರು ತಿಂಗಳಿಗೊಮ್ಮೆ ಚೆಕಪ್. ಮುಂದಿನದು ಶನಿವಾರ ಸಿಕ್ಕಿದೆ, ಮಗಳ ಎಲ್‌ಕೆಜಿ ಅವತ್ತು ಅರ್ಧ ದಿನ, ಅತ್ತೆ ಈಗ ಇಲ್ಲ. ಇಬ್ಬರನ್ನೂ ಕರೆದುಕೊಂಡು ಹೋಗಬೇಕು. ಅವಳು ಈಗಲೇ "ಅಪ್ಪನ ಮರಕ್ಕಾ?" ಅಂತ ಕೇಳುತ್ತಿದ್ದಾಳೆ.

— ಇಬ್ಬರು ಮಕ್ಕಳ ತಾಯಿ, ಹರಿಹರ