ಶೂಲಗಿರಿಯ ಕಲ್ಲಿಗೆ ಕೈ ಹಾಕುವ ಮುನ್ನ

ಚಿ. ಅನಘಾಳಿಗೆ ಆಶೀರ್ವಾದಗಳು.

2008ರ ಸೆಪ್ಟೆಂಬರ್‌ನಲ್ಲಿ ಹೊಸೂರಿನ ಆಚೆ ಬಿದ್ದ ಶೂಲಗಿರಿ ಉಲ್ಕಾಶಿಲೆಯ ತುಣುಕು ನಿನ್ನ ಪ್ರಾಜೆಕ್ಟಿಗೆ ಸಿಗುತ್ತದೆಂದು ತಿಳಿಯಿತು. ಅದು ಎಲ್‌ಎಲ್‌6 ಕಾಂಡ್ರೈಟ್, ಅಂದರೆ ಕಾಂಡ್ರೂಲ್ ಎಂಬ ಪುಟ್ಟ ಗುಂಡು ಕಣಗಳಿರುವ ಕಲ್ಲಿನ ಉಲ್ಕೆ. ಎಲ್‌ಎಲ್ ಎಂಬುದು ಅದರ ರಾಸಾಯನಿಕ ಕುಲ, 6 ಎಂಬುದು ಅದು ಉಂಡ ಬಿಸಿ. ಡಬ್ಬಿಯ ಮೇಲಿನ ಚೀಟಿ ನಂಬಿ ಕೂರದೆ ಎರಡನ್ನೂ ನೀನೇ ಅಳೆದು ತೆಗೆ.

ಕೊಯ್ಯುವಾಗ ನೀರು ಬೇಡವೇ ಬೇಡ. ಲೋಹದ ಕಣಗಳು ತುಕ್ಕು ಹಿಡಿದರೆ ಮುಂದೆ ಅದನ್ನು ಮಣ್ಣಿನಲ್ಲಿ ಆದ ಶಿಥಿಲತೆ ಎಂದು ನೀನೇ ಓದಿಕೊಳ್ಳುತ್ತೀಯ. ನಿಧಾನಗತಿಯ ಗರಗಸ, ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಕಿಡಿ ಬರಬಾರದು. ಸೂಕ್ಷ್ಮದರ್ಶಕಕ್ಕೆಂದು ಉಜ್ಜಿದ ತೆಳುಛೇದ 30 ಮೈಕ್ರಾನ್‌ಗೆ ಇಳಿಯಲಿ.

ಎಲೆಕ್ಟ್ರಾನ್ ಕಿರಣ ಹಾಯಿಸಿ ಖನಿಜದ ರಾಸಾಯನಿಕ ಸಂಯೋಜನೆ ಅಳೆಯುವ ಪ್ರೋಬ್‌ನಲ್ಲಿ 15 ಕಿಲೊವೋಲ್ಟ್, 20 ನ್ಯಾನೊಆಂಪಿಯರ್ ಇಟ್ಟು ಛೇದದ ಎಲ್ಲ ಮೂಲೆಗಳಿಂದ ಇಪ್ಪತ್ತು-ಮೂವತ್ತು ಆಲಿವಿನ್ (ಕಬ್ಬಿಣ-ಮೆಗ್ನೀಸಿಯಂ ಸಿಲಿಕೇಟ್) ಕಣ ಅಳೆ. ಫಯಲೈಟ್, ಅಂದರೆ ಆಲಿವಿನ್‌ನ ಕಬ್ಬಿಣದ ಪಾಲು, ಸುಮಾರು 16–20 ಮೋಲ್ ಶೇಕಡಾ ಬಂದರೆ ಎಚ್ ಕುಲ, 22–26 ಆದರೆ ಎಲ್, 27–32 ಆದರೆ ಎಲ್‌ಎಲ್. ಕಣದಿಂದ ಕಣಕ್ಕೆ ಬೆಲೆ ಎಗರಾಡಿದರೆ ಅದು ಟೈಪ್ 3ರ, ಅಂದರೆ ಕಡಿಮೆ ಬಿಸಿ ಉಂಡ ಕಲ್ಲಿನ, ಲಕ್ಷಣ. ನಿನ್ನದರಲ್ಲಿ ಒಂದೇ ಸಮ ಇರಬೇಕು. ಪ್ಲೇಜಿಯೊಕ್ಲೇಸ್ ಎಂಬ ಸೋಡಿಯಂ ಇರುವ ಫೆಲ್ಡ್‌ಸ್ಪಾರ್ ಖನಿಜಕ್ಕೆ ಮಾತ್ರ ಕಿರಣವನ್ನು 5 ಮೈಕ್ರಾನ್‌ಗೆ ಅಗಲಿಸಿ ಕರೆಂಟ್ ತಗ್ಗಿಸು. ಇಲ್ಲದಿದ್ದರೆ ಸೋಡಿಯಂ ಜಾಗ ಬಿಟ್ಟು ಓಡಿ, ಆಕ್ಸೈಡ್‌ಗಳ ಶೇಕಡಾ ಒಟ್ಟು ಮೊತ್ತ ನೂರಕ್ಕೆ ಮುಟ್ಟುವುದಿಲ್ಲ. ಇದರ ಹರಳುಗಳು 50 ಮೈಕ್ರಾನ್ ದಾಟಿ ಬೆಳೆದಿದ್ದರೆ, ಕಾಂಡ್ರೂಲ್‌ಗಳ ಅಂಚು ಮಸುಕಾಗಿದ್ದರೆ ಟೈಪ್ 6 ಎನ್ನಲು ಧೈರ್ಯ ಮಾಡು.

ಈಗ ತಾಪಮಾನ. ಮೂಲ ಗ್ರಹಕಾಯವನ್ನು ಕಾಯಿಸಿದ್ದು ಮುಖ್ಯವಾಗಿ ಅಲ್ಯೂಮಿನಿಯಂ-26. ಅದರ ಅರ್ಧಾಯುಷ್ಯ ಸುಮಾರು 7 ಲಕ್ಷ ವರ್ಷ. ಜೊತೆಗಿರುವ ಖನಿಜಗಳು ಧಾತುಗಳನ್ನು ಹಂಚಿಕೊಂಡ ರೀತಿಯಿಂದ ಬಿಸಿಯನ್ನು ಲೆಕ್ಕ ಹಾಕುತ್ತೇವೆ. ಎರಡು ಬಗೆಯ ಪೈರಾಕ್ಸೀನ್ ಖನಿಜಗಳ ಲೆಕ್ಕ 900 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸಬಹುದು, ಆಲಿವಿನ್-ಕ್ರೋಮೈಟ್ ಜೋಡಿ ಇನ್ನೂರು ಡಿಗ್ರಿ ಕಮ್ಮಿ, ಲೋಹದ ನಿಕಲ್ ಹಂಚಿಕೆ 500ರ ಹತ್ತಿರ. ಗಾಬರಿಯಾಗಿ ಸರಾಸರಿ ತೆಗೆದುಬಿಡಬೇಡ! ಕಲ್ಲು ಆರುತ್ತಾ ಬಂದಂತೆ ಒಂದೊಂದು ಜೋಡಿ ಒಂದೊಂದು ಬಿಸಿಯಲ್ಲಿ ಅಣುವಿನಿಮಯ ನಿಲ್ಲಿಸುತ್ತದೆ. ಆ ಅಂತರವೇ ನಿನಗೆ ಬೇಕಾದ ಮಾಹಿತಿ. ಎಲ್‌ಎಲ್‌ನಲ್ಲಿ ಲೋಹವೇ ಅಪರೂಪ, ಆದ್ದರಿಂದ ಟೀನೈಟ್ (ನಿಕಲ್ ಹೆಚ್ಚಿರುವ ಕಬ್ಬಿಣ) ಕಣ ಹುಡುಕಲು ಒಂದಿಡೀ ದಿನ ತೆಗೆದಿಡು.

ಬಿಸಿಯ ಮೇಲ್ಮಿತಿ ಪರೀಕ್ಷಿಸಲು ಟ್ರಾಯ್ಲೈಟ್ ಎಂಬ ಕಬ್ಬಿಣದ ಸಲ್ಫೈಡ್ ನೋಡು. ಕಬ್ಬಿಣ ಮತ್ತು ಟ್ರಾಯ್ಲೈಟ್ ಕೂಡಿ ಸುಮಾರು 988 ಡಿಗ್ರಿಯಲ್ಲಿ ಕರಗುತ್ತವೆ. ಕರಗಿ ಹರಿದ ಗೆರೆ ಕಂಡ ಮಾತ್ರಕ್ಕೆ ಒಳಬಿಸಿಯ ಮೇಲೆ ಹೊರಿಸಬೇಡ. ಡಿಕ್ಕಿಯ ಆಘಾತವೂ ಅದನ್ನೇ ಮಾಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಒಂದಕ್ಕೊಂದು ಅಡ್ಡವಾಗಿಟ್ಟ ಪೋಲರ್‌ಗಳಡಿ ಪ್ಲೇಜಿಯೊಕ್ಲೇಸ್ ಪೂರ್ತಿ ಕಪ್ಪಾಗಿಯೇ ಉಳಿದರೆ ಅದು ಮ್ಯಾಸ್ಕೆಲಿನೈಟ್, ಆಘಾತದಿಂದ ಗಾಜಾದ ಪ್ಲೇಜಿಯೊಕ್ಲೇಸ್ (1865ರಲ್ಲಿ ಬಿಹಾರದ ಶೆರ್ಗಾಟಿಯಲ್ಲಿ ಬಿದ್ದ ಕಲ್ಲಿನಲ್ಲೇ ಇದು ಮೊದಲು ಗುರುತಾದದ್ದು). ಅಂಥ ಕಲ್ಲಿನ ಆರ್ಗಾನ್ ವಯಸ್ಸು (ಪೊಟ್ಯಾಸಿಯಂ ಕ್ಷಯಿಸಿ ಕೂಡಿದ ಆರ್ಗಾನ್‌ನಿಂದ ಲೆಕ್ಕ ಹಾಕಿದ್ದು) ಬಹುಮಟ್ಟಿಗೆ ಡಿಕ್ಕಿಯದು, ತಣಿದದ್ದಲ್ಲ.

ಕೆಲಸ ಮುಗಿದ ಮೇಲೆ ಉಳಿದ ಚೂರನ್ನು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಡು. ಮೊದಲ ಅಳತೆಗಳ ಪಟ್ಟಿ ಕಳಿಸು, ಒಟ್ಟು ಮೊತ್ತದ ಕಾಲಂ ಬಿಡದೆ.

ಇಂತು,
ನಿನ್ನ ದೊಡ್ಡಪ್ಪ