ಪ್ರಿಂಟರ್ ಕೊಳ್ಳುವ ಮೊದಲು ಕಾಗದ ಗೊತ್ತುಮಾಡು: ಬಾಗಲಕೋಟೆಯ ಮಗಳಿಗೊಂದು ಪತ್ರ

ಬೆಳಗಾವಿ

ಪ್ರೀತಿಯ ಮಗಳಿಗೆ ಕಾಕಾ ಮಾಡುವ ಆಶೀರ್ವಾದಗಳು.

ನವನಗರದಲ್ಲಿ ಬಾಡಿಗೆಗೆ ಖೋಲಿ ಹಿಡಿದಿದ್ದೀ, ಫೈನ್ ಆರ್ಟ್ ಪ್ರಿಂಟ್ ಮಾಡಿಕೊಡುವ ಕೆಲಸ ಶುರು ಮಾಡುತ್ತೀ ಎಂದು ನಿಮ್ಮಪ್ಪ ಹೇಳಿದ. ಬಹಳ ಸಂತೋಷವಾಯಿತು. ಯಾವ ಪ್ರಿಂಟರ್ ತಗೊಳ್ಳಲಿ ಎಂದು ಕೇಳಿದ್ದೀ. ನೋಡವ್ವಾ, ಅದು ಕಡೆಗೆ ಕೇಳುವ ಪ್ರಶ್ನೆ. ಯಾವ ಕಾಗದದ ಮೇಲೆ ಪ್ರಿಂಟ್ ಹಾಕುತ್ತೀ, ವಾರದಲ್ಲಿ ಎಷ್ಟು ದಿನ ಮಷೀನ್ ಓಡುತ್ತದೆ, ಈ ಎರಡು ಮೊದಲು ಗೊತ್ತುಮಾಡಿಕೋ. ಇಂಕ್ ಮತ್ತು ಪ್ರಿಂಟರಿನ ತೀರ್ಮಾನ ಅದರ ಹಿಂದೆಯೇ ಬರುತ್ತದೆ.

ಮೊದಲು ಇಂಕಿನ ವಿಚಾರ. ಡೈ ಇಂಕ್ ನೀರಿನಲ್ಲಿ ಸಕ್ಕರೆ ಕರಗಿದ ಹಾಗೆ, ಪಿಗ್ಮೆಂಟ್ ಇಂಕ್ ಅರಿಶಿನ ಕದಡಿದ ಹಾಗೆ. ಡೈ ಕಾಗದದ ಲೇಪದೊಳಗೆ ಇಳಿಯುತ್ತದೆ, ಹೊಳೆಯುವ ಗ್ಲಾಸಿ ಕಾಗದದ ಮೇಲೆ ಕಣ್ಣು ಕುಕ್ಕುವ ಹಾಗೆ ಕಾಣುತ್ತದೆ. ಆದರೆ ಬೆಳಕಿಗೂ ಗಾಳಿಯಲ್ಲಿರುವ ಓಝೋನಿಗೂ ಬೇಗ ಮಾಸುತ್ತದೆ. ಗಾಜಿಲ್ಲದೆ ತೂಗುಹಾಕಿದರಂತೂ ಇನ್ನೂ ಬೇಗ. ಪಿಗ್ಮೆಂಟಿನಲ್ಲಿ ಬಣ್ಣದ ಕಣಗಳು ಕಣಗಳಾಗಿಯೇ ಮೇಲ್ಪದರದಲ್ಲಿ ಕೂಡುತ್ತವೆ, ಅದಕ್ಕೇ ಬಾಳುತ್ತವೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಕಲಾವಿದರು ಐರಿಸ್ ಎಂಬ ಇಂಕ್‌ಜೆಟ್ ಮಷೀನುಗಳಲ್ಲಿ ಪ್ರಿಂಟ್ ತೆಗೆಸಿದಾಗ ಅದರ ಡೈ ಬಣ್ಣ ಮಾಸುವುದೇ ದೊಡ್ಡ ತಕರಾರಾಗಿತ್ತು. ಮುಂದೆ ಪಿಗ್ಮೆಂಟ್ ಬಂದ ಮೇಲೆ ಆ ತಕರಾರು ಬಹುಮಟ್ಟಿಗೆ ತೀರಿತು. ಮದುವೆ ಆಲ್ಬಮ್, ಪಾಸ್‌ಪೋರ್ಟ್ ಫೋಟೋಗೆ ಆರು ಬಣ್ಣದ ಇಂಕ್‌ಟ್ಯಾಂಕ್ ಡೈ ಪ್ರಿಂಟರ್ ಧಾರಾಳ ಸಾಕು. ಒಬ್ಬ ಚಿತ್ರಕಾರ ತನ್ನ ಸಹಿ ಹಾಕಿ ಮಾರುವ ಪ್ರಿಂಟಿಗೆ ಮಾತ್ರ ಪಿಗ್ಮೆಂಟೇ ಬೇಕು, ಅಲ್ಲಿ ಚೌಕಾಸಿ ಬೇಡ.

ಡೈ ಪ್ರಿಂಟರಿಗೆ ಪಿಗ್ಮೆಂಟ್ ಸುರಿದರೆ ಅಗ್ಗದಲ್ಲಿ ಕೆಲಸ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕೇಳಬೇಡ. ಕಣ ತಳಕ್ಕೆ ಇಳಿಯುತ್ತದೆ, ಇಂಕ್ ಚಿಮ್ಮುವ ಸಣ್ಣ ತೂತು, ಅಂದರೆ ನಾಝಲ್, ಕಟ್ಟುತ್ತದೆ, ಆಯಾ ಇಂಕು ಕಾಗದಕ್ಕೆ ಬಣ್ಣ ಹೊಂದಿಸಲು ಕಂಪನಿ ಕೊಟ್ಟ ಐಸಿಸಿ ಪ್ರೊಫೈಲ್ ಎಂಬ ಫೈಲ್ ಒಂದೂ ಹೊಂದುವುದಿಲ್ಲ. ಬೇರೆ ಕಂಪನಿಯ ಇಂಕನ್ನು ಪರೀಕ್ಷಿಸಲೇಬೇಕು ಅನ್ನಿಸಿದರೆ, ಒಂದೇ ಚಿತ್ರವನ್ನು ಒಂದೇ ಕಾಗದದ ಮೇಲೆ ಎರಡೂ ಇಂಕಿನಲ್ಲಿ ತೆಗೆಸು. ಎರಡರದೂ ಅರ್ಧ ಭಾಗಕ್ಕೆ ಕಪ್ಪು ರಟ್ಟು ಮುಚ್ಚಿ ಪಡುವಣ ಕಿಟಕಿಗೆ ಅಂಟಿಸು. ನಮ್ಮ ಕಡೆ ಬೇಸಿಗೆಯ ಮೂರು ತಿಂಗಳಾದ ಮೇಲೆ ರಟ್ಟು ತೆಗೆದು ನೋಡು. ಹಲವು ಇಂಕಿನಲ್ಲಿ ಹಳದಿ ಮೊದಲು ಸೋಲುತ್ತದೆ, ಚರ್ಮದ ಬಣ್ಣ, ಹಸಿರು ಅದರ ಹಿಂದೆ ಕೆಡುತ್ತವೆ.

ಕಪ್ಪು ಎರಡು ಥರ ಇವೆ, ಹೊಸಬರು ಎಡವುವುದು ಇಲ್ಲಿಯೇ. ಗ್ಲಾಸಿ, ಅರೆಹೊಳಪಿನ ಲಸ್ಟರ್, ಬೇರಿಯಂ ಲೇಪದ ಬರೈಟಾ ಕಾಗದಕ್ಕೆ ಫೋಟೋ ಬ್ಲ್ಯಾಕ್. ಹತ್ತಿ ನಾರಿನ, ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ, ಅಂದರೆ ಜರ್ಮನಿಯ ಹಾನೆಮ್ಯೂಲೆ ಕಂಪನಿಯ ಫೋಟೋ ರ್‍ಯಾಗ್ 308 ಜಿಎಸ್‌ಎಂನಂಥದಕ್ಕೆ, ಮ್ಯಾಟ್ ಬ್ಲ್ಯಾಕ್. ಯಾವ ಕಪ್ಪು ಬೀಳಬೇಕು, ಎಷ್ಟು ಇಂಕ್ ಬೀಳಬೇಕು ಎಂಬುದನ್ನು ಪ್ರಿಂಟ್ ಹಾಕುವಾಗ ಕಂಪ್ಯೂಟರಿನಲ್ಲಿ ನೀನು ಆರಿಸುವ ಮೀಡಿಯಾ ಟೈಪ್, ಅಂದರೆ ಕಾಗದದ ಬಗೆ, ನಿರ್ಧರಿಸುತ್ತದೆ. ಹತ್ತಿ ಕಾಗದ ಹಾಕಿ ಮೀಡಿಯಾ ಟೈಪಿನಲ್ಲಿ ಲಸ್ಟರ್ ಬಿಟ್ಟರೆ ಕಪ್ಪೆಲ್ಲ ಬೂದಿಯಾಗಿ ಬರುತ್ತದೆ. ತಿರುವುಮುರುವಾಗಿ ಗ್ಲಾಸಿ ಮೇಲೆ ಮ್ಯಾಟ್ ಬ್ಲ್ಯಾಕ್ ಬಿದ್ದರೆ ಬೆರಳು ತಾಗಿಸಿದಲ್ಲಿ ಮಸಿ ಎದ್ದು ಬರುತ್ತದೆ. ಹಳೆಯ ಪ್ರಿಂಟರುಗಳಲ್ಲಿ ಎರಡು ಕಪ್ಪಿಗೂ ಒಂದೇ ದಾರಿ ಇರುತ್ತಿತ್ತು, ಬದಲಿಸಿದಾಗಲೆಲ್ಲ ಇಂಕ್ ಹಾಳಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಇದನ್ನೇ ಮೊದಲು ಕೇಳು.

ಈಗ ಪ್ರಿಂಟರ್. 24 ಇಂಚು ಅಗಲದ ಕಾಗದ ಹಿಡಿಯುವ ಮಷೀನಿಗೆ ಈಗಲೇ ಕೈ ಹಾಕಬೇಡ, 17 ಇಂಚು ಸಾಕು, ಎ4ರ ನಾಲ್ಕರಷ್ಟಿರುವ ಎ2 ಅಳತೆ ಬರುತ್ತದೆ. ಎಪ್ಸನ್ ಶ್ಯೂರ್‌ಕಲರ್ ಪಿ900ರಲ್ಲಿ 10 ಇಂಕ್, 50 ಮಿಲಿಯ ಕಾರ್ಟ್ರಿಜ್, ಎರಡೂ ಕಪ್ಪಿಗೆ ಬೇರೆ ಬೇರೆ ದಾರಿ, ಜೊತೆಗೆ ನೇರಳೆ ಇಂಕ್. ಉದ್ದನೆಯ ಚಿತ್ರಕ್ಕಾಗಿ ಕಾಗದದ ಸುರುಳಿ ಹಾಕುವ ರೋಲ್ ಘಟಕ ಬೇಕಾದರೆ ಬೇರೆ ಕೊಳ್ಳಬಹುದು. ಕ್ಯಾನನ್ ಇಮೇಜ್‌ಪ್ರೊಗ್ರಾಫ್ ಪ್ರೊ-1000ರಲ್ಲಿ 80 ಮಿಲಿಯ 12 ಕಾರ್ಟ್ರಿಜ್. ಕೆಂಪು, ನೀಲಿ ಪ್ರತ್ಯೇಕ ಇವೆ, ಹನ್ನೆರಡನೆಯದು ಬಣ್ಣವಿಲ್ಲದ ಕ್ರೋಮಾ ಆಪ್ಟಿಮೈಸರ್. ಗ್ಲಾಸಿ ಪ್ರಿಂಟನ್ನು ಓರೆಯಾಗಿ ಹಿಡಿದಾಗ ಕಪ್ಪು ಜಾಗ ತಾಮ್ರದ ಬಣ್ಣಕ್ಕೆ ತಿರುಗುವ ದೋಷವನ್ನು ಅದು ತಗ್ಗಿಸುತ್ತದೆ. ರೋಲ್ ಮಾತ್ರ ಇದರಲ್ಲಿ ಇಲ್ಲ.

ನಿಜವಾದ ವ್ಯತ್ಯಾಸ ಇಂಕ್ ಚಿಮ್ಮಿಸುವ ಹೆಡ್‌ನಲ್ಲಿದೆ. ಎಪ್ಸನ್ನಿನ ಪೀಜೋ ಹೆಡ್, ಅಂದರೆ ಕಾಯಿಸದೆ ಒತ್ತಿ ಇಂಕ್ ಚಿಮ್ಮಿಸುವ ಹೆಡ್, ಮಷೀನಿನ ಜೊತೆಗೇ ಬಾಳುವಂಥದು, ಕೆಟ್ಟರೆ ಎಂಜಿನಿಯರೇ ಬರಬೇಕು. ಇಂಕ್ ಕಾಯಿಸಿ ಚಿಮ್ಮಿಸುವ ಕ್ಯಾನನ್ನಿನ ಥರ್ಮಲ್ ಹೆಡ್ ಸವೆದರೆ ಹೊಸದು ತರಿಸಿ ನೀನೇ ಕೂಡಿಸಬಹುದು, ದುಬಾರಿ ನಿಜ. ಕಟ್ಟಿದ ನಾಝಲ್ ಬದಲು ಬೇರೆಯದನ್ನು ಅದೇ ಬಳಸಿಕೊಳ್ಳುತ್ತದೆ. ಆದರೆ ಕೆಲಸವಿಲ್ಲದೆ ನಿಂತಾಗಲೂ ಆಗಾಗ ತಾನೇ ಕ್ಲೀನಿಂಗ್ ಮಾಡಿಕೊಂಡು ಇಂಕ್ ನುಂಗುತ್ತದೆ. ವಾರಕ್ಕೆ ನಾಲ್ಕು ದಿನ ಕೆಲಸ ಗ್ಯಾರಂಟಿ, ಹತ್ತಿ ಕಾಗದವೇ ಹೆಚ್ಚು, ಉದ್ದನೆಯ ಚಿತ್ರಗಳೂ ಬರುತ್ತವೆ ಎಂದರೆ ಎಪ್ಸನ್. ಬರೈಟಾ ಹೆಚ್ಚು, ಕೆಲಸ ಬಿಟ್ಟು ಬಿಟ್ಟು ಬರುತ್ತದೆ, ಎಂಜಿನಿಯರ್ ದೂರ ಎಂದರೆ ಕ್ಯಾನನ್. ನಿನ್ನ ಊರು ನೋಡಿದರೆ ನನ್ನ ಮನಸ್ಸು ಎರಡನೆಯದಕ್ಕೇ ವಾಲುತ್ತದೆ.

ಆದರೂ ದುಡ್ಡು ಕೊಡುವ ಮೊದಲು ಒಂದು ಫೈಲ್ ತಯಾರಿಸಿಕೊಂಡು ಹೋಗಿ ಎರಡರಲ್ಲೂ ಪ್ರಿಂಟ್ ತೆಗೆಸಿಕೋ. ಅದರಲ್ಲಿ ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡದ ಖಣದ ಸಣ್ಣ ನೇಯ್ಗೆ, ಬಾದಾಮಿಯ ಬಂಡೆ, ಮುಖ ಒಂದು, ಕಪ್ಪಿನಿಂದ ಬಿಳಿವರೆಗಿನ ಬೂದು ಪಟ್ಟಿ ಇರಲಿ. ಬಾದಾಮಿಯ ಕಲ್ಲು ಎಲ್ಲ ಪ್ರಿಂಟರಿನಲ್ಲೂ ಚೆನ್ನಾಗಿ ಬರುತ್ತದೆ, ಅದನ್ನು ನೋಡಿ ಮರುಳಾಗಬೇಡ. ಸೆರಗಿನ ನೆರಿಗೆಯೊಳಗಿನ ಕಡುಗೆಂಪು ನೋಡು. ಮ್ಯಾಟ್ ಕಾಗದದಲ್ಲಿ ಅಲ್ಲಿ ಮಡಿಕೆ ಕಾಣದೆ ಒಂದೇ ಕೆಂಪು ಗುಡ್ಡೆಯಾಗಿ ನಿಂತಿದ್ದರೆ ಆ ಬಣ್ಣ ಆ ಕಾಗದಕ್ಕೆ ನಿಲುಕಿಲ್ಲ. ಹೀಗೆ ನಿಲುಕದ ಬಣ್ಣವನ್ನು ಕಾಗದಕ್ಕೆ ಹೊಂದಿಸುವ ವಿಧಾನಗಳಾದ ಪರ್ಸೆಪ್ಚುಯಲ್, ರಿಲೇಟಿವ್ ಕಲರಿಮೆಟ್ರಿಕ್ ಎರಡರಲ್ಲೂ ತೆಗೆಸಿ ಹೋಲಿಸು. ಬೂದು ಪಟ್ಟಿಯನ್ನು ಟ್ಯೂಬ್‌ಲೈಟಿನಲ್ಲೂ ಹೊರಗಿನ ಬೆಳಕಿನಲ್ಲೂ ಹಿಡಿ. ಹಸಿರಿಗೋ ಗುಲಾಬಿಗೋ ಜಾರಬಾರದು. ಬಣ್ಣವನ್ನು ಫೋಟೋಶಾಪ್ ನೋಡಿಕೊಳ್ಳುತ್ತಿದ್ದರೆ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರಿನಲ್ಲಿ ಕಲರ್ ತಿದ್ದುಪಡಿ ಪೂರಾ ಬಂದ್ ಇರಬೇಕು, ಇಲ್ಲವಾದರೆ ಪ್ರೊಫೈಲ್ ಎರಡು ಸಲ ಬಿದ್ದು ಬಣ್ಣ ಕೆಡುತ್ತದೆ. ಪ್ರಿಂಟ್ ಕಪ್ಪಾಗಿ ಬಂತು ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಮಾನಿಟರಿನ ಅತಿ ಬೆಳಕು. ಮಾನಿಟರ್ ಅಳೆದು ಹದಗೊಳಿಸುವ ಕ್ಯಾಲಿಬ್ರೇಟರ್ ಕೊಂಡು ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದೊಳಗೆ ಇಳಿಸು.

ಹವಾ ನಿನ್ನ ದೊಡ್ಡ ಶತ್ರು. ನಮ್ಮ ಬೆಳಗಾವಿಯಲ್ಲಿ ಮಳೆಗಾಲದ ತೇವಕ್ಕೆ ಕಾಗದ ಅಲೆಯಾಗುತ್ತದೆ. ನಿಮ್ಮಲ್ಲಿ ಏಪ್ರಿಲ್, ಮೇ ಒಣಹವೆಗೆ ನಾಝಲ್ ಒಣಗುತ್ತದೆ, ಕಾಗದದ ಅಂಚು ಮುದುಡಿ ಹೆಡ್‌ಗೆ ಉಜ್ಜುತ್ತದೆ. ಖೋಲಿಯಲ್ಲಿ ಹೈಗ್ರೋಮೀಟರ್ ಇಡು, ತೇವಾಂಶ ಶೇ. 40ರಿಂದ 60 ಇರಲಿ. ಹ್ಯೂಮಿಡಿಫೈಯರಿಗೆ ಬೋರ್‌ವೆಲ್ಲಿನ ಸವಳು ನೀರು ಹಾಕಿದರೆ ಉಪ್ಪಿನ ಬಿಳಿ ಪುಡಿ ಹೆಡ್ ಮೇಲೂ ಕೂಡುತ್ತದೆ. ಡಿಸ್ಟಿಲ್ಡ್ ನೀರೇ ಹಾಕು. ಕೂಲರಿನ ಗಾಳಿ ಮಷೀನಿಗೆ ನೇರ ಬಡಿಯದಿರಲಿ. ಕೆಲಸ ಮುಗಿದ ಮೇಲೆ ಪ್ರಿಂಟರಿನ ಗುಂಡಿಯಿಂದಲೇ ಆಫ್ ಮಾಡು. ಗೋಡೆಯ ಸ್ವಿಚ್ ಬಂದ್ ಮಾಡಿದರೆ ಹೆಡ್ ತನ್ನ ಕ್ಯಾಪಿನ ಮೇಲೆ ಹೋಗಿ ಕೂಡದೆ ತೆರೆದೇ ಉಳಿದು ಒಣಗುತ್ತದೆ. ಕರೆಂಟ್ ಹೋಗುವುದಂತೂ ಇದ್ದದ್ದೇ, ಒಂದು ಯುಪಿಎಸ್ ಇರಲಿ.

ದಿನಾ ಬೆಳಿಗ್ಗೆ ನಾಝಲ್ ಚೆಕ್, ಅಂದರೆ ಪರೀಕ್ಷೆಯ ಗೆರೆಗಳ ಪ್ರಿಂಟ್, ತೆಗೆ. ಗೆರೆ ತುಂಡಾಗಿದ್ದರೆ ಒಂದು ಕ್ಲೀನಿಂಗ್, ಮತ್ತೆ ಚೆಕ್. ಎರಡನೆಯ ಸಲಕ್ಕೂ ಬರದಿದ್ದರೆ ರಾತ್ರಿಯಿಡೀ ಬಿಟ್ಟು ಮರುದಿನ ನೋಡು. ಅವಸರಪಟ್ಟು ಮೇಲಿಂದ ಮೇಲೆ ಹೊಡೆದರೆ ಇಂಕೆಲ್ಲ ಹಾಳು ಇಂಕ್ ಸೇರುವ ಮೇಂಟೆನನ್ಸ್ ಡಬ್ಬಿಗೆ ಹೋಗುತ್ತದೆ. ಹತ್ತಿ ಕಾಗದವನ್ನು ಒಳಗೆ ಬಿಡುವ ಮೊದಲು ಮೆತ್ತನೆಯ ಅಗಲ ಬ್ರಷ್‌ನಿಂದ ಒಮ್ಮೆ ಸವರು. ಇಲ್ಲವಾದರೆ ಸಣ್ಣ ನಾರಿನ ಮೇಲೆ ಇಂಕ್ ಬಿದ್ದು, ಆಮೇಲೆ ಆ ನಾರು ಉದುರಿ, ಕಡುಬಣ್ಣದ ನಡುವೆ ಬಿಳಿ ಚುಕ್ಕಿ ಉಳಿಯುತ್ತದೆ.

ಲೆಕ್ಕದ ವಹಿಯನ್ನೂ ಈಗಲೇ ತೆರೆ. ತುಂಬು ಬಣ್ಣದ ಎ2 ಪ್ರಿಂಟಿಗೆ ಸುಮಾರು 2.5ರಿಂದ 4 ಮಿಲಿ ಇಂಕ್ ಹಿಡಿ, ಕ್ಲೀನಿಂಗಿನ ಖರ್ಚು ಅದರ ಮೇಲೆ ಸೇರಿಸು. ಹೊಸ ಮಷೀನಿನ ಮೊದಲ ಕಾರ್ಟ್ರಿಜ್‌ಗಳಲ್ಲಿ ಒಂದಿಷ್ಟು ಇಂಕ್ ಕೊಳವೆ ತುಂಬುವುದಕ್ಕೇ ಹೋಗುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡ. ತಿಳಿ ಬಣ್ಣಗಳು, ತಿಳಿ ಬೂದು ಮೊದಲು ಖಾಲಿಯಾಗುತ್ತವೆ, ಅವುಗಳ ಒಂದೊಂದು ಹೆಚ್ಚಿಗೆ ಇಟ್ಟುಕೋ. ತೆರೆದ ಇಂಕ್ ಆರು ತಿಂಗಳೊಳಗೆ ಮುಗಿಯಲಿ.

ಗಿರಾಕಿಗೆ ಕೊಡುವ ಚೀಟಿಯಲ್ಲಿ ಕಾಗದದ ಹೆಸರು, ಇಂಕಿನ ಹೆಸರು, ತಾರೀಖು ಬರೆ. ನೂರು ವರ್ಷ ಬಾಳುತ್ತದೆ ಎಂದು ಬರೆಯಬೇಡ. ಎಲ್ಲಿ ತೂಗುಹಾಕುತ್ತಾರೆ ಎನ್ನುವುದು ನಿನ್ನ ಕೈಯಲ್ಲಿಲ್ಲ. ಪ್ರಿಂಟ್ ತೆಗೆದ ದಿನವೇ ಗಾಜಿನ ಫ್ರೇಮಿಗೂ ಹಾಕಬೇಡ. ಇಂಕಿನೊಳಗಿನ ಗ್ಲೈಕಾಲ್ ಆವಿಯಾಗಿ ಗಾಜಿನ ಒಳಮೈಗೆ ಮಂಜಿನ ಹಾಗೆ ಹತ್ತುತ್ತದೆ. ಕನಿಷ್ಠ 24 ತಾಸು ಮುಚ್ಚದೆ ಖೋಲಿಯಲ್ಲೇ ಗಾಳಿಗೆ ಆರಲಿ.

ಮೊದಲು ಎರಡು ಮೂರು ಕಂಪನಿಯ ಕಾಗದದ ಸ್ಯಾಂಪಲ್ ಪ್ಯಾಕ್ ತರಿಸು. ಬಂದ ಮೇಲೆ ಫೋನ್ ಮಾಡು, ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಕೂತು ಮಾತಾಡೋಣ. ಅಲ್ಲಿಯವರೆಗೆ ಪ್ರಿಂಟರಿಗೆ ಅಡ್ವಾನ್ಸ್ ಕೊಡಬೇಡ.

ಇತಿ,
ನಿನ್ನ ಕಾಕಾ